ಟರ್ಕಿ ಕೋಳಿ ಕಾಡಿಗೆ ಮರಳಿದ ಬಗೆ

ಮಾನ್ಯ ಸಂಪಾದಕರೆ,

ನವೆಂಬರ್ ಬಂತೆಂದರೆ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದ ನೆಪದಲ್ಲಿ ಟರ್ಕಿ ಕೋಳಿ ಕನ್ನಡ ಪತ್ರಿಕೆಗಳಲ್ಲೂ ಸುದ್ದಿಯಾಗುತ್ತದೆ. ಅದೇ ಜಾತಿಯ ಕಾಡುಪಕ್ಷಿ ಆ ದೇಶದ ಬಹುಭಾಗದಲ್ಲಿ ನಿರ್ನಾಮವಾಗಿ ಮತ್ತೆ ನೆಲೆಯೂರಿದ ಸಂಗತಿಯಾದರೋ ‘ಬೇಟೆಗೆ ಕಡಿವಾಣ ಬಿತ್ತು, ಸಂಖ್ಯೆ ಏರಿತು’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಅದು ಮರಳಿದ್ದು ಹೇಗೆ ಎಂಬುದನ್ನು ಓದುಗರು ಸ್ವಲ್ಪ ವಿವರವಾಗಿ ತಿಳಿಯಬೇಕೆಂಬ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಬೇಸಾಯಕ್ಕಾಗಿ ಪೂರ್ವ ಭಾಗದ ಕಾಡುಗಳನ್ನು ಸವರಿದ್ದು, ಪೇಟೆಯಲ್ಲಿ ಮಾಂಸ ಮಾರಲು ಲಂಗುಲಗಾಮಿಲ್ಲದೆ ಬೇಟೆಯಾಡಿದ್ದು ಈ ಹಕ್ಕಿಯ ಅವನತಿಗೆ ಮುಖ್ಯ ಕಾರಣಗಳು. ಮ್ಯಾಸಚೂಸೆಟ್ಸ್ ರಾಜ್ಯದ ಕೊನೆಯ ಕಾಡು ಟರ್ಕಿ 1851ರಲ್ಲಿ ಮೌಂಟ್ ಟಾಮ್ ಬೆಟ್ಟದಲ್ಲಿ ಸತ್ತಿತು. ಮೊದಲು ಈ ಹಕ್ಕಿಯಿದ್ದ 39 ರಾಜ್ಯಗಳ ಪೈಕಿ 18ರಲ್ಲಿ 1920ರ ಹೊತ್ತಿಗೆ ಒಂದೂ ಉಳಿದಿರಲಿಲ್ಲ.

ಅನೇಕ ರಾಜ್ಯಗಳು ಮೊದಲು ಹಿಡಿದದ್ದು ಸುಲಭವಾಗಿ ಕಂಡ ದಾರಿಯನ್ನು. ಸಾಕಣೆ ಕೇಂದ್ರಗಳಲ್ಲಿ ಮೊಟ್ಟೆಯೊಡೆಸಿ ಬೆಳೆಸಿದ ಹಕ್ಕಿಗಳನ್ನು ಕಾಡಿಗೆ ಬಿಡುವ ಈ ಕೆಲಸ ದಶಕಗಳ ಕಾಲ ನಡೆಯಿತು, ಅಪಾರ ಹಣವೂ ಖರ್ಚಾಯಿತು, ಆದರೆ ಹೆಚ್ಚಿನ ಕಡೆ ಆ ಹಕ್ಕಿಗಳು ಬದುಕಲಿಲ್ಲ. ಕಾರಣ ತಿಳಿಯಬೇಕಾದರೆ ಕಾಡಿನ ಹೇಂಟೆ ಮರಿ ಸಾಕುವ ಬಗೆಯನ್ನು ನೋಡಬೇಕು. ಅದು ನೆಲದ ಮೇಲೆಯೇ ಹತ್ತು ಹನ್ನೆರಡು ಮೊಟ್ಟೆಯಿಟ್ಟು ಸುಮಾರು 28 ದಿನ ಕಾವು ಕೂರುತ್ತದೆ. ಹೊರಬಂದ ಮರಿಗಳಿಗೆ ಮೊದಲ ಎರಡು ವಾರ ಹಾರಿ ಮರವೇರುವ ಶಕ್ತಿ ಇರುವುದಿಲ್ಲವಾದ್ದರಿಂದ, ರಾತ್ರಿಯೆಲ್ಲ ಅವು ನೆಲದಲ್ಲೇ ತಾಯಿಯ ರೆಕ್ಕೆಯಡಿ ಕಳೆಯುತ್ತವೆ. ತಾಯಿ ಎಚ್ಚರಿಕೆಯ ಒಂದು ಸದ್ದು ಮಾಡಿದರೆ ಸಾಕು, ಮರಿಗಳೆಲ್ಲ ಹುಲ್ಲಿನಲ್ಲಿ ಚಪ್ಪಟೆಯಾಗಿ ಕುಳಿತು ಕಣ್ಣಿಗೆ ಬೀಳದಂತಾಗುತ್ತವೆ. ಯಾವ ಸದ್ದಿಗೆ ಅಡಗಬೇಕು, ಯಾರಿಗೆ ಹೆದರಬೇಕು, ಕತ್ತಲಾದ ಮೇಲೆ ಎಲ್ಲಿ ಕೂರಬೇಕು ಎಂಬುದನ್ನೆಲ್ಲ ತಾಯಿಯ ಹಿಂದೆ ಅಲೆದು ಕಲಿಯುವ ಅವಕಾಶ ಸಾಕಣೆ ಕೇಂದ್ರದ ಮರಿಗಳಿಗೆ ಎಲ್ಲಿಂದ ಬರಬೇಕು?

ಕಾಡಿನಲ್ಲಿ ಉಳಿದಿದ್ದ ಹಕ್ಕಿಗಳನ್ನೇ ಹಿಡಿದು ಬೇರೆಡೆಗೆ ಸಾಗಿಸುವುದೊಂದೇ ಉಪಾಯವೆಂದು ಮನವರಿಕೆಯಾದರೂ, ಇಷ್ಟು ಎಚ್ಚರದ ಹಕ್ಕಿಯನ್ನು ಹಿಡಿಯುವುದೇ ಕಷ್ಟವಾಗಿತ್ತು. ನೀರುಹಕ್ಕಿಗಳಿಗೆಂದು ರೂಪಿಸಿದ್ದ, ಸಣ್ಣ ತೋಪುಗಳಿಂದ ಸಿಡಿಯುವ ಬಲೆಯನ್ನು 1951ರಲ್ಲಿ ದಕ್ಷಿಣ ಕೆರೊಲಿನಾದ ಫ್ರಾನ್ಸಿಸ್ ಮೇರಿಯನ್ ರಾಷ್ಟ್ರೀಯ ಅರಣ್ಯದಲ್ಲಿ ಟರ್ಕಿಗಳ ಮೇಲೆ ಪ್ರಯೋಗಿಸಿದ ಮೇಲೆ ದಾರಿ ತೆರೆಯಿತು. ಬಯಲಿನಲ್ಲಿ ಮೆಕ್ಕೆಜೋಳ ಚೆಲ್ಲಿ, ಮರೆಯಲ್ಲಿ ಸಿಬ್ಬಂದಿ ಅಲುಗಾಡದೆ ಕಾದು, ಹಿಂಡು ತಲೆ ತಗ್ಗಿಸಿ ಮೇಯುತ್ತಿರುವ ಕ್ಷಣ ನೋಡಿ ಬಲೆ ಹಾರಿಸುತ್ತಿದ್ದರು. ಸಿಕ್ಕ ಹಕ್ಕಿಗಳ ಕಾಲಿಗೆ ಗುರುತಿನ ಬಳೆ ತೊಡಿಸಿ, ರಟ್ಟಿನ ಪೆಟ್ಟಿಗೆಗಳಲ್ಲಿ ಕೂರಿಸಿ ಹೊಸ ಕಾಡಿಗೆ ಒಯ್ದು ಬಿಡುತ್ತಿದ್ದರು. ನ್ಯೂಯಾರ್ಕ್ ರಾಜ್ಯದಿಂದ 1969 ಮತ್ತು 1970ರಲ್ಲಿ ಹೀಗೆ 31 ಹಕ್ಕಿಗಳು ವರ್ಮಾಂಟ್‌ಗೆ ಬಂದವು. ಅವುಗಳ ಸಂತತಿ ಬೆಳೆದು, 1970ರ ದಶಕದ ಕೊನೆಯಲ್ಲಿ ವರ್ಮಾಂಟ್ ತಾನೇ ಮೇಯ್ನ್ ರಾಜ್ಯಕ್ಕೆ 41 ಹಕ್ಕಿಗಳನ್ನು ಕೊಟ್ಟಿತು. 1970ರ ದಶಕದ ಆರಂಭದಲ್ಲಿ ಮ್ಯಾಸಚೂಸೆಟ್ಸ್‌ನ ಬರ್ಕ್‌ಶೈರ್ ಬೆಟ್ಟಗಳಿಗೆ ಬಿಟ್ಟದ್ದು 37. ಇಂದು ಆ ರಾಜ್ಯದಲ್ಲಿ 30 ಸಾವಿರಕ್ಕೂ ಹೆಚ್ಚು ಟರ್ಕಿಗಳಿವೆ. ಪಾಳುಬಿದ್ದ ಹೊಲಗಳಲ್ಲಿ ಅಷ್ಟರೊಳಗೆ ಮತ್ತೆ ಕಾಡು ಬೆಳೆದಿರದಿದ್ದರೆ ಇದು ಆಗುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು.

ಹಣದ ವಿಚಾರವನ್ನು ಮುಚ್ಚಿಡುವುದು ಸರಿಯಲ್ಲ. ಬಂದೂಕು ಮತ್ತು ಗುಂಡುಗಳ ಮೇಲಿನ ಸುಂಕವನ್ನು ವನ್ಯಜೀವಿ ಪುನಶ್ಚೇತನಕ್ಕೆ ಮೀಸಲಿಟ್ಟ 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆ, ಬೇಟೆ ಪರವಾನಗಿಯ ಶುಲ್ಕವನ್ನು ರಾಜ್ಯಗಳು ಬೇರೆ ಬಾಬ್ತಿಗೆ ತಿರುಗಿಸಕೂಡದೆಂಬ ಷರತ್ತನ್ನೂ ಹಾಕಿತು. ಅಂದರೆ ಖರ್ಚಿನ ದೊಡ್ಡ ಪಾಲನ್ನು ಭರಿಸಿದವರು ಬೇಟೆಗಾರರೇ. ಬೇಟೆಯನ್ನು ಒಪ್ಪದ ನನ್ನಂಥವರೂ ಇದನ್ನು ಒಪ್ಪಿಕೊಳ್ಳಬೇಕು. ವರ್ಷ ವರ್ಷವೂ ತಪ್ಪದೆ ಬರುವ, ಬೇರೆಡೆ ಸೋರಿಹೋಗದ ಹಣವಿಲ್ಲದೆ ಇಷ್ಟು ದೀರ್ಘಕಾಲದ ಕೆಲಸ ಸಾಗುತ್ತಿರಲಿಲ್ಲ.

ಈ ಶತಮಾನದ ಆರಂಭದಲ್ಲಿ ಅಮೆರಿಕದ ಕಾಡು ಟರ್ಕಿಗಳ ಸಂಖ್ಯೆ 60 ಲಕ್ಷ ದಾಟಿತ್ತು. ಅಲ್ಲಿಂದೀಚೆಗೆ ದಕ್ಷಿಣದ ಹಲವು ರಾಜ್ಯಗಳಲ್ಲಿ ಪ್ರತಿ ಹೇಂಟೆಗೆ ಉಳಿಯುವ ಮರಿಗಳು ಕಡಿಮೆಯಾಗಿ, ಕೆಲವೆಡೆ ವಸಂತದ ಬೇಟೆಯ ಅವಧಿಯನ್ನು ಮುಂದೂಡಬೇಕಾಗಿದೆ. ಮರಿಗಳಿಗೆ ಹುಳುಹುಪ್ಪಟೆಯೂ ಮರೆಯೂ ಸಿಗುವ ಹುಲ್ಲುಪೊದೆಗಳ ನೆಲವನ್ನು ಕಾಯದೆ ಹಕ್ಕಿಗಳನ್ನಷ್ಟೇ ಎಣಿಸುತ್ತ ಕೂರುವುದು ತಪ್ಪೆಂದು ನನ್ನ ದೃಢ ಅಭಿಪ್ರಾಯ.

ಕೊನೆಯದಾಗಿ, ಈ ಪತ್ರಿಕೆಯನ್ನು ಅಂತರ್ಜಾಲದಲ್ಲಿ ಓದುವ, ಬಾಸ್ಟನ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಲ್ಲಿ ಒಂದು ವಿನಂತಿ. ಅಲ್ಲಿನ ಬಡಾವಣೆಗಳಲ್ಲಿ ಟರ್ಕಿಗಳು ಈಗ ರಸ್ತೆಗಿಳಿದಿವೆ. ವಸಂತದಲ್ಲಿ ಹುಂಜ ನಿಮ್ಮ ಕಾರಿನ ಬಾಗಿಲಲ್ಲಿ ತನ್ನದೇ ಪ್ರತಿಬಿಂಬ ಕಂಡು, ಎದುರಾಳಿಯೆಂದು ತಿಳಿದು ಕುಕ್ಕಿದರೆ, ಹೊಳೆಯುವ ಆ ಭಾಗಕ್ಕೊಂದು ಹೊದಿಕೆ ಹಾಕಿ. ಪ್ರೀತಿಯಿಂದಲೇ ಆದರೂ ಅವುಗಳಿಗೆ ಕಾಳು, ಬ್ರೆಡ್ಡು ಎಸೆಯಬೇಡಿ. ಕೈತಿಂಡಿ ಉಂಡ ಹಕ್ಕಿ ಮನುಷ್ಯರ ಭಯ ಬಿಟ್ಟು ಮಕ್ಕಳನ್ನೂ ವೃದ್ಧರನ್ನೂ ಬೆನ್ನಟ್ಟತೊಡಗುತ್ತದೆ. ಆಗ ದೂರು ಹೋಗುತ್ತದೆ, ಅಂಥ ಹಕ್ಕಿಯನ್ನು ಕೊಲ್ಲುವ ಪ್ರಸಂಗವೂ ಬರುತ್ತದೆ. ಎದುರಿಗೆ ಬಂದರೆ ಹಿಂಜರಿಯದೆ ಗದರಿಸಿ ಓಡಿಸಿ.

ಇತಿ,
ನಿಮ್ಮ ಪತ್ರಿಕೆಯ ಓದುಗ