ಸಣ್ಣ ಶೆಡ್‌ಗಳಿಗೂ ಸಿಗಲಿ ಸೋಲಾರ್ ಕರೆಂಟು

ಮಾನ್ಯರೇ,

ಪಾವಗಡದಲ್ಲಿ 2,050 ಮೆಗಾವಾಟ್‌ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಅದೇ ತುಮಕೂರು ಜಿಲ್ಲೆಯ ವಸಂತನರಸಾಪುರದಲ್ಲಿ ದೊಡ್ಡ ಕೈಗಾರಿಕಾ ಪ್ರದೇಶವೂ ಇದೆ. ಆದರೆ ಸಣ್ಣ ಘಟಕದವರು ಹಸಿರು ವಿದ್ಯುತ್ತನ್ನು ನೇರವಾಗಿ ಕೊಳ್ಳುವುದು ಸುಲಭವಲ್ಲ.

ಕೇಂದ್ರ ಸರ್ಕಾರ 2022ರಲ್ಲಿ ಹೀಗೆ ನೇರವಾಗಿ ಕೊಳ್ಳಲು ಇರಬೇಕಾದ ಕನಿಷ್ಠ ಲೋಡ್‌ನ ಮಿತಿಯನ್ನು 1 ಮೆಗಾವಾಟ್‌ನಿಂದ 100 ಕಿಲೋವಾಟ್‌ಗೆ ಇಳಿಸಿತು. ಒಳ್ಳೆಯದೇ. ಆದರೂ ಎರಡು ಲೇತ್, ಒಂದು ಡ್ರಿಲ್ಲಿಂಗ್ ಮಷೀನ್ ಇರುವ ಶೆಡ್‌ಗೆ ಅಷ್ಟು ಲೋಡ್ ಎಲ್ಲಿಂದ ಬರಬೇಕು? ಕರೆಂಟು ಹೋದರೆ ಡೀಸೆಲ್ ಜನರೇಟರ್ ಹೊಗೆ ಬೇರೆ.

ಕೈಗಾರಿಕಾ ನಿವೇಶನ ಹಂಚುವ ಸರ್ಕಾರಿ ಮಂಡಳಿ ಕೆಐಎಡಿಬಿಯೇ ಮುಂದೆ ನಿಂತು, ಎಲ್ಲರ ಬೇಡಿಕೆ ಒಟ್ಟು ಮಾಡಿ ಖರೀದಿ ಒಪ್ಪಂದ ಮಾಡಿಸಬಹುದಲ್ವಾ? ರಾತ್ರಿ ಪಾಳಿಗೆ ಚಿತ್ರದುರ್ಗ, ಗದಗದ ಗಾಳಿ ವಿದ್ಯುತ್ ಇದ್ದೇ ಇದೆ. ಹೊಸದಾಗಿ ನಿವೇಶನ ಹಂಚುವಾಗಲೇ ಈ ವ್ಯವಸ್ಥೆಯೂ ಜೊತೆಗಿರಲಿ.

– ಸಣ್ಣ ಕೈಗಾರಿಕೋದ್ಯಮಿಯೊಬ್ಬರು, ತುಮಕೂರು