ಲಿಂಕ್ ಕಳಿಸುವಾಗ ಎರಡು ಮಾತು ಬರೆ, ಮಗಳೇ

ಕಲಬುರಗಿ
ಭಾನುವಾರ ಸಂಜೆ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಸ್ವಲ್ಪ ಬೇಸರದಿಂದಲೇ ಕೇಳಿದೆ. "ಅವ್ವಾ, ನಾ ಏನ್ ಕಳಿಸಿದ್ರೂ ಇದು ಯಾರದು, ಯಾವಾಗಿಂದು ಅಂತ ಯಾಕ ಕೇಳ್ತಿ? ಸುಮ್ನೆ ನೋಡಬಾರದೇನು?" ಆಗ ಇಲ್ಲಿ ಕುಕ್ಕರ್ ಕೂಗುತ್ತಿತ್ತು, ಅಲ್ಲಿ ನಿನಗೆ ಹಾಸ್ಟೆಲ್ ಊಟದ ಹೊತ್ತು. ಫೋನಿನಲ್ಲಿ ಹೇಳಿ ಮುಗಿಯುವ ಮಾತೂ ಅಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

2025ರ ಸೆಪ್ಟೆಂಬರ್ ನೆನಪಿದೆಯಾ? ಮಹಾರಾಷ್ಟ್ರದ ಕಡೆಯಿಂದ ನೀರು ಬಂದು ಭೀಮಾ ಹೊಳೆ ತುಂಬಿ, ದಂಡೆಯ ಊರುಗಳೆಲ್ಲ ಜೀವ ಕೈಯಲ್ಲಿ ಹಿಡಿದು ಕೂತಿದ್ದವು. ಒಂದು ರಾತ್ರಿ ಯಾರೋ ನನಗೊಂದು ವಿಡಿಯೊ ಕಳಿಸಿದರು. ಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತಿದೆ, ಕಂಬಿ ಕಾಣುತ್ತಿಲ್ಲ, ಹಿಂದೆ ಯಾರೋ ಗಂಡಸು "ಬಂತು, ಬಂತು" ಅಂತ ಕೂಗುತ್ತಿದ್ದಾನೆ. ನಾನು ಹಿಂದೆಮುಂದೆ ನೋಡಲಿಲ್ಲ. "ಘತ್ತರಗಿ ಸೇತುವೆ, ಈಗ" ಅಂತ ಬರೆದು ನಮ್ಮ ಮನೆಯವರ ಗ್ರೂಪಿಗೆ ಹಾಕಿಬಿಟ್ಟೆ. ಆ "ಈಗ" ಅನ್ನುವ ಪದ ನನ್ನದು, ಮಗಳೇ. ವಿಡಿಯೊದಲ್ಲಿ ಎಲ್ಲೂ ಇರಲಿಲ್ಲ.

ನಿನ್ನ ಚಿಗವ್ವನ ಊರು ಅಲ್ಲಿಂದ ದೂರವಿಲ್ಲ. ಆ ರಾತ್ರಿ ಮನೆಯಲ್ಲಿ ಗಂಡಸರು ಯಾರೂ ಇರಲಿಲ್ಲ. ಅವಳು ಹನ್ನೊಂದು ಗಂಟೆಗೆ ಮಕ್ಕಳನ್ನು ಎಬ್ಬಿಸಿ, ಎಮ್ಮೆಯ ಹಗ್ಗ ಬಿಚ್ಚಿ, ವಯಸ್ಸಾದ ಅತ್ತೆಯ ಕೈ ಹಿಡಿದು, ಮಳೆಯಲ್ಲೇ ಎತ್ತರದಲ್ಲಿದ್ದ ಗುಡಿಯ ಕಟ್ಟೆಗೆ ಹೋಗಿ ಕೂತಳು. ದಾರಿಯಲ್ಲಿ ಅತ್ತೆ ಕೆಸರಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು. ಬೆಳಗ್ಗೆ ನಮ್ಮ ಗ್ರೂಪಿನ ಹುಡುಗನೊಬ್ಬ ಹುಡುಕಿದಾಗ ಅದೇ ವಿಡಿಯೊ ಫೇಸ್‌ಬುಕ್‌ನಲ್ಲಿ ಸಿಕ್ಕಿತು, ಮೇಲೆ ತಾರೀಕಿನ ಸಮೇತ. 2020ರ ಅಕ್ಟೋಬರ್. ಆ ವರ್ಷವೂ ಭೀಮಾ ಉಕ್ಕಿತ್ತಲ್ಲ, ಆಗಿನದ್ದು. ಹಿಂದಿನ ರಾತ್ರಿ ಚಿಗವ್ವನ ಊರಿಗೆ ನೀರೇ ಬಂದಿರಲಿಲ್ಲ.

ಅವಳು ನನಗೆ ಏನೂ ಅನ್ನಲಿಲ್ಲ. "ನೀ ಕಳಿಸಿದ್ದಿ ಅಂತ ನಂಬಿದೆ ಅಕ್ಕಾ" ಅಂದಳು, ಅಷ್ಟೇ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಅವತ್ತಿನಿಂದ ನಾನು ಒಂದು ರೂಢಿ ಮಾಡಿಕೊಂಡಿದ್ದೇನೆ. ವಿಡಿಯೊ ಇಳಿಸಿಕೊಂಡು ಕಳಿಸುವುದಿಲ್ಲ, ಲಿಂಕ್ ಕಳಿಸುತ್ತೇನೆ. ಲಿಂಕ್ ಅಂದರೆ ಮನೆಯ ವಿಳಾಸ ಇದ್ದ ಹಾಗೆ. ಒತ್ತಿದರೆ ಯಾರು ಹಾಕಿದ್ದು, ಯಾವತ್ತು ಹಾಕಿದ್ದು, ಕೆಳಗೆ ಜನ ಏನು ಹೇಳಿದ್ದಾರೆ, ಎಲ್ಲ ಕಾಣುತ್ತದೆ. ಆ ವಿಳಾಸ ಕಿತ್ತು ಬರೀ ವಿಡಿಯೊ ಕೈಯಿಂದ ಕೈಗೆ ಹೋದರೆ ಅದಕ್ಕೆ ಹೆಸರಿಲ್ಲ, ಊರಿಲ್ಲ. ಯಾರು ಏನು ಹೇಳಿದರೆ ಅದೇ ಅದರ ಊರು. ಅವತ್ತು ನನ್ನ ಕೈಗೆ ಲಿಂಕ್ ಬಂದಿದ್ದರೆ ಆ ತಾರೀಕು ನನ್ನ ಕಣ್ಣಿಗೆ ಬೀಳುತ್ತಿತ್ತು.

ನನ್ನ ತವರು ಬೀದರ್ ಜಿಲ್ಲೆ. ಅಲ್ಲಿಯ ಮುರ್ಕಿ ಊರಿನ ಸುದ್ದಿಯನ್ನು ನಿನಗೆ ಪೂರ್ತಿ ಹೇಳಿರಲಿಲ್ಲ, ಆಗ ನೀನು ಸಣ್ಣವಳು. 2018ರ ಜುಲೈನಲ್ಲಿ ಹೈದರಾಬಾದ್ ಕಡೆಯಿಂದ ಕಾರಿನಲ್ಲಿ ಬಂದ ಕೆಲವು ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ಯಾರೋ ಅಂದರು. ಕಾರಿಗಿಂತ ಮೊದಲು ವಾಟ್ಸಾಪ್‌ನಲ್ಲಿ ಆ ಮಾತು ಮುಂದಿನ ಊರು ಮುಟ್ಟಿತು. ಮುರ್ಕಿಯಲ್ಲಿ ದಾರಿ ಕಟ್ಟಿದರು, ಕಾರು ಉರುಳಿತು, ಜನ ಮುಗಿಬಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತೇಹೋದ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಆ ಸಂದೇಶ ಮುಂದೆ ತಳ್ಳಿದವರಲ್ಲಿ ಎಷ್ಟೋ ಜನ ತಮ್ಮ ಊರಿನ ಮಕ್ಕಳನ್ನು ಉಳಿಸುತ್ತಿದ್ದೇವೆ ಅಂದುಕೊಂಡೇ ತಳ್ಳಿರಬೇಕು. ನಾನೂ ಚಿಗವ್ವನನ್ನು ಉಳಿಸುತ್ತಿದ್ದೇನೆ ಅಂದುಕೊಂಡೇ ಕಳಿಸಿದ್ದೆ, ಅಲ್ವಾ?

ದೇಶದ ಬೇರೆ ಕಡೆಯೂ ಇಂಥವು ನಡೆದಿದ್ದವು. ಅದೇ ತಿಂಗಳು ವಾಟ್ಸಾಪ್‌ನವರು ಭಾರತದಲ್ಲಿ ಒಮ್ಮೆಗೆ 5 ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತಂದರು. ತುಂಬಾ ಕೈ ದಾಟಿ ಬಂದ ಸಂದೇಶವಾದರೆ 2020ರ ಏಪ್ರಿಲ್‌ನಿಂದ ಒಮ್ಮೆಗೆ ಒಂದೇ ಚಾಟ್‌ಗೆ. ಅಂಥ ಸಂದೇಶದ ಮೇಲೆ ಎರಡು ಬಾಣದ ಗುರುತು ಇರುತ್ತದೆ, ನೋಡಿರಬೇಕು. ಆ ಗುರುತು ಕಂಡರೆ ನಾನು ಈಗ ಅಲ್ಲೇ ನಿಲ್ಲುತ್ತೇನೆ.

ಇನ್ನೊಂದು ಮಾತು. ಹೋದ ಮದುವೆಯಲ್ಲಿ ನಿನ್ನ ಅಕ್ಕ ಕುಣಿದಿದ್ದನ್ನು ಅವಳು ತನ್ನ ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದಳು. ಅವಳದ್ದು ಪ್ರೈವೇಟ್ ಖಾತೆ. ಯಾರೋ ಸ್ಕ್ರೀನ್ ರೆಕಾರ್ಡ್ ಮಾಡಿ ಬೀಗರ ಗ್ರೂಪಿಗೆ ಹಾಕಿದರು. ಅವಳು ಎರಡು ದಿನ ಯಾರಿಗೂ ಮುಖ ತೋರಿಸಲಿಲ್ಲ. ಲಿಂಕ್ ಹಾಕಿದ್ದರೆ ಅವಳು ಒಪ್ಪಿದವರಿಗೆ ಬಿಟ್ಟು ಬೇರೆಯವರಿಗೆ ತೆರೆಯುತ್ತಲೇ ಇರಲಿಲ್ಲ. ಅವಳು ಅಳಿಸಿದರೆ ಆ ಲಿಂಕ್ ಯಾರಿಗೂ ತೆರೆಯುತ್ತಿರಲಿಲ್ಲ. ಅವಳು ಬಾಗಿಲು ಹಾಕಿಕೊಂಡಿದ್ದಳು, ಇವರು ಕಿಟಕಿ ಒಡೆದರು. ನಿನ್ನ ಗೆಳತಿಯರದ್ದು ಏನೇ ಇರಲಿ, ಅವರನ್ನು ಕೇಳದೆ ಕಳಿಸಬೇಡ. ನನಗೂ ಕಳಿಸಬೇಡ.

ಯೂಟ್ಯೂಬ್, ಇನ್‌ಸ್ಟಾಗ್ರಾಂ ಲಿಂಕಿನ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ ಉದ್ದಕ್ಕೆ ಅಕ್ಷರ ಬರುತ್ತವಲ್ಲ, ಶೇರ್ ಬಟನ್ ಒತ್ತಿ ತೆಗೆದ ಲಿಂಕಿನಲ್ಲಿ ಆ ಬಾಲ ಜಾಡು ಹಿಡಿಯಲು ಇಟ್ಟದ್ದು. ಕತ್ತರಿಸಿ ಕಳಿಸಿದರೂ ವಿಡಿಯೊ ತೆರೆಯುತ್ತದೆ. ಮತ್ತೆ ಮದುವೆ ಕಾರ್ಡ್ ಅಂತ ಎಪಿಕೆ ಫೈಲ್, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್, ಬಂದರೆ ಗುರುತಿನವರ ನಂಬರಿನಿಂದ ಬಂದರೂ ಒತ್ತಬೇಡ. ಅಪ್ಪಿತಪ್ಪಿ ದುಡ್ಡು ಹೋದರೆ ಅಳುತ್ತಾ ಕೂಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು, ಆಮೇಲೆ ನನಗೆ ಮಾಡು. ನಾನು ಬೈಯುವುದಿಲ್ಲ.

ಇಷ್ಟೆಲ್ಲ ಓದಿ, ಅವ್ವನಿಗೆ ಏನೂ ಕಳಿಸಲೇಬಾರದು ಅಂದುಕೊಳ್ಳಬೇಡ. ನೀನು ಅಪ್ಪನಿಗೆ ತೊಗರಿಯ ನೆಟೆ ರೋಗದ ಲಿಂಕ್ ಕಳಿಸಿದ್ದೆಯಲ್ಲ, ಅದನ್ನು ನಾನು ಮರೆತಿಲ್ಲ. "ಅಪ್ಪಾ, 6ನೇ ನಿಮಿಷದಿಂದ ನೋಡು, ನಮ್ಮ ಹೊಲದಾಗ ಗಿಡ ಒಣಗಿದ್ದೂ ಹಿಂಗೇ ಇತ್ತು" ಅಂತ ಬರೆದಿದ್ದೆ. ಅಪ್ಪ ಬದುವಿನ ಮೇಲೆ ಕೂತು, ಬಿಸಿಲಿಗೆ ಟವೆಲ್ ಅಡ್ಡ ಹಿಡಿದು, ಅದನ್ನು ಮೂರು ಸಲ ನೋಡಿದರು. ಮಾತಾಡಿದವರು ಕೃಷಿ ವಿಜ್ಞಾನಿ ಅಂತ ಅಲ್ಲೇ ಕಂಡಿತು. ಹಾಗಾಗಿ ನಂಬಿಕೆ ಬಂತು. ಒಣಗಿದ ಗಿಡ ಕಿತ್ತು, ಬುಡ ಸೀಳಿ, ಒಳಗೆ ಕಪ್ಪು ಗೆರೆ ಇದ್ದದ್ದನ್ನು ನನಗೂ ತೋರಿಸಿದರು. ಆ ಗಿಡ ಹಿಡಿದುಕೊಂಡೇ ರೈತ ಸಂಪರ್ಕ ಕೇಂದ್ರಕ್ಕೆ ಹೋದರು. ರೋಗ ಮಣ್ಣಿನಲ್ಲೇ ಉಳಿಯುತ್ತದೆ, ಮುಂದಿನ ಸಲ ಬೀಜಕ್ಕೆ ಟ್ರೈಕೋಡರ್ಮಾ ಅನ್ನುವ, ರೋಗ ತಡೆಯುವ ಶಿಲೀಂಧ್ರದ ಪುಡಿ ಹಚ್ಚಿ ಬಿತ್ತಿ ಅಂದರಂತೆ. ಈ ಮುಂಗಾರಿಗೆ ಹಾಗೇ ಮಾಡಿದ್ದಾರೆ. "ಮಗಳು ಹೇಳ್ಯಾಳ" ಅಂತ ಪಕ್ಕದ ಹೊಲದವರಿಗೂ ಅದೇ ಲಿಂಕ್ ಕಳಿಸಿದ್ದಾರೆ, ನೀನು ಬರೆದ ಆ ಎರಡು ಸಾಲಿನ ಸಮೇತ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಟ್ಟಿದ್ದೇನೆ. ಬುಧವಾರ ಮಾವ ಆ ಕಡೆ ಬರುತ್ತಾರೆ, ಅವರ ಕೈಲಿ ಕಳಿಸುತ್ತೇನೆ. ನಿನ್ನೆ ರಾತ್ರಿ ನೀನು ಕಳಿಸಿದ ಲಿಂಕ್ ಇನ್ನೂ ತೆರೆದಿಲ್ಲ. ಏನದು, ನಿನಗೆ ಯಾಕೆ ಹಿಡಿಸಿತು ಅಂತ ಎರಡು ಮಾತು ಬರೆ. ನಾನೂ ಅಪ್ಪನೂ ಕೂತು ನೋಡುತ್ತೇವೆ.

ನಿನ್ನ
ಅವ್ವ