ಕರಾವಳಿಯ ಸಾರ್ವಜನಿಕ ಕಟ್ಟಡಗಳು ಮತ್ತು ಲಾರಿ ಬೇಕರ್ ತೋರಿದ ದಾರಿ

ಮಾನ್ಯ ಸಂಪಾದಕರೇ,

ನಮ್ಮ ಕರಾವಳಿಯ ಯಾವ ಊರಿಗೆ ಹೋದರೂ, ಇತ್ತೀಚಿನ ದಶಕಗಳಲ್ಲಿ ಕಟ್ಟಿದ ಪಂಚಾಯಿತಿ ಕಚೇರಿ, ಶಾಲೆ ಅಥವಾ ಸಮುದಾಯ ಭವನದಲ್ಲಿ ಒಂದು ದೃಶ್ಯ ಕಣ್ಣಿಗೆ ಬಿದ್ದೇ ಬೀಳುತ್ತದೆ. ಕೆಳಗೆ ಸಮತಟ್ಟಾದ ಆರ್‌ಸಿಸಿ ತಾರಸಿ ಇರುತ್ತದೆ. ಅದು ಸೋರತೊಡಗಿದ ಮೇಲೆ ಕಬ್ಬಿಣದ ಕಂಬಗಳನ್ನು ನಿಲ್ಲಿಸಿ ಹೊದಿಸಿದ ಬಣ್ಣದ ತಗಡಿನ ಮಾಡು ಅದರ ಮೇಲಿರುತ್ತದೆ. ಒಂದೇ ಕಟ್ಟಡದ ಎರಡು ಮಾಡುಗಳಿಗೆ ಸಾರ್ವಜನಿಕರ ಹಣ ಎರಡು ಸಲ ಖರ್ಚಾಗುತ್ತದೆ. ವರ್ಷಕ್ಕೆ ಸುಮಾರು ಮೂರೂವರೆಯಿಂದ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ಇಳಿಜಾರಿನ ಮಾಡು ಬೇಕೆಂಬುದು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡದೆಯೇ ಗೊತ್ತಿತ್ತು. ಆದರೂ ಬಯಲುಸೀಮೆಗೆ ಒಪ್ಪುವ ನಕ್ಷೆಯನ್ನೇ ಕಡಲ ತಡಿಗೂ ತಂದಿಳಿಸುವ ಪರಿಪಾಠ ಮುಂದುವರಿದಿದೆ. ಸಾರ್ವಜನಿಕ ಕಟ್ಟಡಗಳ ಕಾಮಗಾರಿಯಲ್ಲೇ ದುಡಿದು ನಿವೃತ್ತನಾದ ನಾನು, ಈ ವಿಷಯದಲ್ಲಿ ನೆರೆಯ ಕೇರಳದ ತಿರುವನಂತಪುರದಲ್ಲಿ ಬಾಳಿ ಬದುಕಿದ ವಾಸ್ತುಶಿಲ್ಪಿ ಲಾರಿ ಬೇಕರ್ ಅವರ ಕೆಲಸದ ಕಡೆಗೆ ಓದುಗರ ಮತ್ತು ಅಧಿಕಾರಿಗಳ ಗಮನ ಸೆಳೆಯಬಯಸುತ್ತೇನೆ.

ಬೇಕರ್ 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಚೀನಾದಲ್ಲಿ ಗಾಯಾಳುಗಳ ಮತ್ತು ರೋಗಿಗಳ ಸೇವೆ ಮಾಡಿ, ಊರಿಗೆ ಮರಳಲು ಮುಂಬೈಯಲ್ಲಿ ಹಡಗಿಗಾಗಿ ಕಾಯುತ್ತಿದ್ದಾಗ ಗಾಂಧೀಜಿಯವರನ್ನು ಕಂಡರು. ಮನೆ ಕಟ್ಟಲು ಬೇಕಾದ ಸಾಮಗ್ರಿ ಐದು ಮೈಲಿಯೊಳಗೆ ಸಿಗುವಂಥದ್ದಾಗಿರಬೇಕು ಎಂಬ ಗಾಂಧೀಜಿಯ ವಿಚಾರವನ್ನು ಅವರು ಬದುಕಿನುದ್ದಕ್ಕೂ ನೆನೆಯುತ್ತಿದ್ದರು. ಮುಂದೆ ಭಾರತಕ್ಕೆ ಬಂದು ಕುಷ್ಠರೋಗಿಗಳ ಆಸ್ಪತ್ರೆಗಳ ಕಟ್ಟಡಗಳಿಗಾಗಿ ದುಡಿದರು. ವೈದ್ಯೆಯಾಗಿದ್ದ ಪತ್ನಿ ಎಲಿಜಬೆತ್ ಅವರೊಂದಿಗೆ ಹಿಮಾಲಯದ ಪಿಥೋರಾಗಢದಲ್ಲಿ ಹಲವು ವರ್ಷ ಕಳೆದರು. ತಿರುವನಂತಪುರದಲ್ಲಿ ನೆಲೆಯೂರುವ ಹೊತ್ತಿಗೆ ಅವರಿಗೆ ಐವತ್ತು ದಾಟಿತ್ತು. ಅವರ ಹೆಸರು ಇಂದು ಉಳಿದಿರುವುದು ಹೆಚ್ಚಾಗಿ ಆ ವಯಸ್ಸಿನ ನಂತರ ಕಟ್ಟಿದ ಕಟ್ಟಡಗಳಿಂದ. 1990ರಲ್ಲಿ ಪದ್ಮಶ್ರೀ ಬಂತು. 2007ರ ಏಪ್ರಿಲ್‌ನಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಅದೇ ನಗರದಲ್ಲಿ ತೀರಿಕೊಂಡರು.

ಅವರ ಸಾರ್ವಜನಿಕ ಕಟ್ಟಡಗಳಲ್ಲಿ ಮೊದಲು ಹೇಳಬೇಕಾದದ್ದು ತಿರುವನಂತಪುರದ ಉಳ್ಳೂರಿನಲ್ಲಿರುವ ಸಂಶೋಧನಾ ಸಂಸ್ಥೆ, ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್. ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರು 1970ರ ದಶಕದ ಆರಂಭದಲ್ಲಿ, ಸಿ. ಅಚ್ಯುತ ಮೆನನ್ ಕೇರಳದ ಮುಖ್ಯಮಂತ್ರಿಯಾಗಿದ್ದಾಗ, ಈ ಸಂಸ್ಥೆಯನ್ನು ಕಟ್ಟಿ ಬೆಳೆಸಿದರು. ಬೇಕರ್ ಅಲ್ಲಿ ಗುಡ್ಡವನ್ನು ಕಡಿದು ಮಟ್ಟ ಮಾಡಲಿಲ್ಲ. ಇಳಿಜಾರು ಹೇಗಿತ್ತೋ ಹಾಗೆಯೇ ಕಟ್ಟಡಗಳನ್ನು ಬಾಗಿಸಿದರು, ಮರಗಳಿದ್ದಲ್ಲಿ ಗೋಡೆಯನ್ನು ಸುತ್ತು ಹಾಕಿಸಿದರು. ಗಾರೆ ಬಳಿಯದ ಇಟ್ಟಿಗೆ ಗೋಡೆಗಳಲ್ಲಿ ಕಿಟಕಿಯ ಬದಲು ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಜಾಲಂಧ್ರ ಮಾಡಿದರು. ಅದರಿಂದ ಗಾಳಿ ಒಳಗೆ ಆಡುತ್ತದೆ, ಕಣ್ಣು ಕೋರೈಸುವ ಬಿಸಿಲು ಸೋಸಿ ಮೆದುವಾಗುತ್ತದೆ, ಕಿಟಕಿಯ ಚೌಕಟ್ಟಿಗೆ ಬೇಕಾದ ಮರದ ಖರ್ಚೂ ಉಳಿಯುತ್ತದೆ. ಸೆಕೆಯ ಊರಿನಲ್ಲಿ ನಿತ್ಯ ಹತ್ತಾರು ಜನ ಸೇರುವ ಕಟ್ಟಡಕ್ಕೆ ಇದಕ್ಕಿಂತ ದೊಡ್ಡ ಸೌಕರ್ಯ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪದ್ಮನಾಭನ ದರ್ಶನಕ್ಕೋ ಕನ್ಯಾಕುಮಾರಿಗೋ ಹೋಗುವ ನಮ್ಮವರು ತಂಪಾನೂರಿನ ಬಸ್ ನಿಲ್ದಾಣದ ಬಳಿ ಇಳಿದಾಗ ಕೆಂಪು ಇಟ್ಟಿಗೆಯ ಒಂದು ಉರುಟು ಕಟ್ಟಡವನ್ನು ಕಂಡಿರಬಹುದು. ಅದು ಕಾರ್ಮಿಕರ ಸಹಕಾರ ಸಂಘ ನಡೆಸುವ ಇಂಡಿಯನ್ ಕಾಫಿ ಹೌಸ್. ಒಳಗೆ ಹೊಕ್ಕರೆ ಮಹಡಿಗಳೂ ಮೆಟ್ಟಿಲುಗಳೂ ಬೇರೆ ಬೇರೆಯಾಗಿಲ್ಲ. ನೆಲವೇ ಸುರುಳಿಯಾಗಿ, ನಿಧಾನವಾದ ಏರಿನಲ್ಲಿ ಮೇಲಕ್ಕೆ ಸಾಗುತ್ತದೆ. ಹೊರಗೋಡೆಗೆ ತಾಗಿಕೊಂಡು ಸಾಲಾಗಿ ಮೇಜುಗಳು, ಅವುಗಳ ಎರಡೂ ಬದಿ ಕುಳಿತುಕೊಳ್ಳುವ ಕಟ್ಟೆಗಳು, ಎಲ್ಲವೂ ಕಟ್ಟಡದೊಂದಿಗೇ ಕಟ್ಟಿದಂಥವು. ನೆಲ ಓರೆಯಾಗಿದ್ದರೂ ಮೇಜು ಮಟ್ಟವಾಗಿದೆ, ಲೋಟದ ಕಾಫಿ ಓರೆಯಾಗುವುದಿಲ್ಲ. ಗೋಡೆಯ ಸಣ್ಣ ಸಣ್ಣ ಕಿಂಡಿಗಳಿಂದ ಬೆಳಕು ಬಂದು ಮೇಜಿನ ಮೇಲೆ ಬೀಳುತ್ತದೆ. ಕೂಲಿಯವರು, ವಕೀಲರು, ಯಾತ್ರಿಕರು ಎಲ್ಲರೂ ಅದೇ ಕಟ್ಟೆಗಳ ಮೇಲೆ ಕುಳಿತು ತಿಂಡಿ ತಿನ್ನುತ್ತಾರೆ. ಇಕ್ಕಟ್ಟಾದ ಜಾಗದಲ್ಲಿ, ಒಡೆಯುವ ಪೀಠೋಪಕರಣವಿಲ್ಲದೆ ಜನಸಂದಣಿಯನ್ನು ತಾಳಿಕೊಳ್ಳುವ ಕಟ್ಟಡ ಹೇಗಿರಬೇಕೆಂದು ನಮ್ಮ ಬಸ್ ನಿಲ್ದಾಣಗಳನ್ನು ಯೋಜಿಸುವವರು ಅಲ್ಲಿ ಒಂದು ಗಳಿಗೆ ಕುಳಿತು ನೋಡಬೇಕು.

ಕಡಲಿಗೆ ತೀರಾ ಹತ್ತಿರದ ಕೆಲಸವೆಂದರೆ ತಿರುವನಂತಪುರದ ಕಡಲ ತಡಿಯ ಪೂಂತುರದ ಮೀನುಗಾರರ ವಸತಿ, 1970ರ ದಶಕದ ನಡುವಿನದು. ಸರ್ಕಾರಿ ಬಡಾವಣೆಗಳಲ್ಲಿ ಮನೆಗಳನ್ನು ನೇರ ಸಾಲಿನಲ್ಲಿ ನಿಲ್ಲಿಸುವುದೇ ವಾಡಿಕೆ. ಹಾಗೆ ಮಾಡಿದರೆ ಮುಂದಿನ ಮನೆ ಹಿಂದಿನ ಮನೆಗೆ ಬರುವ ಕಡಲಗಾಳಿಯನ್ನು ತಡೆಯುತ್ತದೆ. ಬೇಕರ್ ಮನೆಗಳನ್ನು ಒಂದಿಷ್ಟು ಹಿಂದೆ ಮುಂದೆ ಸರಿಸಿ ಕೂರಿಸಿದರು. ಇದರಿಂದ ಮನೆ ಮನೆಗೂ ಗಾಳಿ ಸಿಕ್ಕಿತು, ಬಾಗಿಲಲ್ಲಿ ನಿಂತರೆ ಕಡಲು ಕಾಣುವಂತಾಯಿತು, ಬಲೆ ನೇಯಲು, ಮೀನು ಒಣಗಿಸಲು, ಮಕ್ಕಳು ಆಡಲು ಮನೆಯೆದುರು ಅಂಗಳ ಉಳಿಯಿತು. ಖರ್ಚು ಒಂದು ಪೈಸೆಯೂ ಹೆಚ್ಚಲಿಲ್ಲ. ಬೇಕಾಗಿದ್ದದ್ದು ಅಲ್ಲಿ ಬದುಕುವವರ ದಿನಚರಿಯ ತಿಳಿವಳಿಕೆ ಮಾತ್ರ. ಮಲ್ಪೆ, ಗಂಗೊಳ್ಳಿ, ತದಡಿಯಂಥ ಊರುಗಳಲ್ಲಿ ಮೀನುಗಾರರಿಗಾಗಿ ಯೋಜನೆ ರೂಪಿಸುವಾಗ ಬಲೆ ಎಲ್ಲಿ ಹರಡುತ್ತಾರೆ, ಹೆಂಗಸರು ಮೀನಿನ ಬುಟ್ಟಿ ಇಳಿಸಿ ಎಲ್ಲಿ ಕುಳಿತುಕೊಳ್ಳುತ್ತಾರೆ ಎಂದು ಕೇಳಿದ ಮೇಲೆಯೇ ನಕ್ಷೆಗೆ ಕೈ ಹಚ್ಚಬೇಕು.

ಬೇಕರ್ ಅವರ ಕೆಲಸಕ್ಕೂ ನಮ್ಮ ಕರಾವಳಿಗೂ ಒಂದು ನೇರ ನಂಟಿದೆ, ಅದು ಮಂಗಳೂರು ಹಂಚು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಸ್ಥಾಪಿಸಿದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಆವೆಮಣ್ಣಿನಿಂದ ಆದ ಈ ಹಂಚು ಪಶ್ಚಿಮ ಕರಾವಳಿಯುದ್ದಕ್ಕೂ ಹೋಯಿತು. ಬೇಕರ್ ಅದನ್ನು ಮಾಡಿಗೆ ಹೊದಿಸಿದ್ದಷ್ಟೇ ಅಲ್ಲದೆ ಕಾಂಕ್ರೀಟಿನ ಸ್ಲ್ಯಾಬ್‌ನೊಳಗೂ ಇಟ್ಟರು. ಸ್ಲ್ಯಾಬ್‌ನ ಕೆಳಭಾಗದಲ್ಲಿ ಎಳೆತವನ್ನು ತಾಳಿಕೊಳ್ಳುವುದು ಕಬ್ಬಿಣದ ಸರಳು. ಅಲ್ಲಿರುವ ಕಾಂಕ್ರೀಟ್ ಸರಳನ್ನು ಹಿಡಿದಿಟ್ಟುಕೊಂಡು ಕಾಯುತ್ತದೆ, ಭಾರ ಹೊರಲು ಅದರ ನೆರವು ಅತ್ಯಲ್ಪ. ಹಾಗಾಗಿ ಸರಳುಗಳ ನಡುವಿನ ಚೌಕಗಳಲ್ಲಿ ಹಳೆಯ, ಬಳಸಿ ತೆಗೆದ ಹಂಚುಗಳನ್ನು ಜೋಡಿಯಾಗಿ ಕೂರಿಸಿ, ಮೇಲೆ ಕಾಂಕ್ರೀಟ್ ಸುರಿದರು. ಸಿಮೆಂಟು ಉಳಿಯಿತು, ಸ್ಲ್ಯಾಬ್ ಹಗುರವಾದ್ದರಿಂದ ಕಬ್ಬಿಣವೂ ಉಳಿಯಿತು, ಎರಡು ಹಂಚಿನ ನಡುವೆ ನಿಂತ ಗಾಳಿ ಬಿಸಿಲ ಝಳವನ್ನು ತಡೆಯಿತು. ಗೋಡೆಯಲ್ಲಿಯೂ ಹೀಗೆಯೇ: ಇಟ್ಟಿಗೆಗಳನ್ನು ಮಲಗಿಸುವ ಬದಲು ಮಗ್ಗುಲಾಗಿ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟುವ ‘ರ‍್ಯಾಟ್ ಟ್ರ್ಯಾಪ್’ ವಿಧಾನದಲ್ಲಿ ಒಂಬತ್ತು ಇಂಚಿನ ಗೋಡೆಗೆ ಸುಮಾರು ಕಾಲುಭಾಗದಷ್ಟು ಇಟ್ಟಿಗೆ ಉಳಿಯುತ್ತದೆ. ನಮ್ಮೂರಿನ ಹಳೆ ಮನೆಗಳನ್ನು ಕೆಡಹುವಾಗ ಲೋಡುಗಟ್ಟಲೆ ಹಂಚು ಗುಂಡಿ ತುಂಬಲು ಹೋಗುತ್ತಿರುವುದನ್ನು ಕಂಡಾಗಲೆಲ್ಲ ನನಗೆ ಈ ಸ್ಲ್ಯಾಬ್‌ಗಳ ನೆನಪಾಗಿ ಸಂಕಟವಾಗುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಬೇಕರ್ ಕಟ್ಟಡಗಳ ಹೊರನೋಟವನ್ನು ನಕಲು ಮಾಡಿ ಇಲ್ಲಿ ನಿಲ್ಲಿಸಿದರೆ ನಮಗೆ ಅನುಕೂಲವಾಗದು. ತಿರುವನಂತಪುರದಲ್ಲಿ ಬೀಳುವ ಮಳೆ ನಮ್ಮಲ್ಲಿಯ ಮಳೆಯ ಅರ್ಧದಷ್ಟು. ಅಲ್ಲಿ ಒಪ್ಪುವ ಜಾಲಂಧ್ರದ ಗೋಡೆಯನ್ನು ಇಲ್ಲಿ ಪಡುವಣಕ್ಕೆ ಮುಖ ಮಾಡಿ ಕಟ್ಟಿದರೆ ಆಷಾಢದ ಇರಿಚಲು ಒಳಗಿನ ಕಡತಗಳನ್ನೆಲ್ಲ ತೋಯಿಸೀತು. ಗಾರೆ ಇಲ್ಲದ ಇಟ್ಟಿಗೆಗೆ ಪಾಚಿ ಹಿಡಿದೀತು. ನಮ್ಮ ಐದು ಮೈಲಿಯೊಳಗೆ ಸಿಗುವುದು ಮುರಕಲ್ಲು. ಅದಕ್ಕೆ ಉದ್ದನೆಯ ಸೂರು, ಸುತ್ತ ಜಗಲಿ ಬೇಕು. ಮಳೆಗಾಲ ಶುರುವಾಗುವ ಮುನ್ನ ನಮ್ಮವರು ಪಡುವಣ ಬದಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದುದು ಇದೇ ತಿಳಿವಳಿಕೆಯಿಂದ. ಕಡಲಿನ ಉಪ್ಪುಗಾಳಿಯ ವಿಷಯವೂ ಹಾಗೆಯೇ. ಉಪ್ಪಿನ ಅಂಶ ಕಾಂಕ್ರೀಟಿನೊಳಗೆ ಇಳಿದು ಸರಳಿಗೆ ತಲುಪಿದರೆ ತುಕ್ಕು ಹಿಡಿದು ಸರಳು ಉಬ್ಬುತ್ತದೆ, ಹೊರಗಿನ ಕಾಂಕ್ರೀಟ್ ಬಿರಿದು ಚೂರು ಚೂರಾಗಿ ಉದುರುತ್ತದೆ. ಹಂಚಿನ ಸ್ಲ್ಯಾಬ್ ಹಾಕುವುದಾದರೂ ಸರಳಿನ ಸುತ್ತ ಸಾಕಷ್ಟು ದಪ್ಪ ಕಾಂಕ್ರೀಟ್ ಇರಬೇಕು, ಮರಳಿನಲ್ಲಿ ಉಪ್ಪು ಇರಲೇಬಾರದು, ಮೇಸ್ತ್ರಿಗೆ ತರಬೇತಿ ಇರಬೇಕು. ಬೇಕರ್ ಅವರಿಂದ ಕಲಿಯಬೇಕಾದದ್ದು ನಿವೇಶನದಲ್ಲಿ ನಿಂತು ಯೋಚಿಸುವ ಕ್ರಮವನ್ನು. ಅವರು ದಿನವೂ ಕೆಲಸದ ಜಾಗಕ್ಕೆ ಹೋಗುತ್ತಿದ್ದರು, ಕೈಗೆ ಸಿಕ್ಕ ಹಳೆಯ ಕಾಗದದ ಬೆನ್ನಿಗೇ ಚಿತ್ರ ಬರೆದು ಮೇಸ್ತ್ರಿಗಳೊಂದಿಗೆ ಚರ್ಚಿಸುತ್ತಿದ್ದರು. ವಾಸ್ತುಶಿಲ್ಪಿಗೆ ಕಟ್ಟಡದ ವೆಚ್ಚದ ಇಂತಿಷ್ಟು ಶೇಕಡಾ ಎಂದು ಶುಲ್ಕ ಕೊಡುವ ಪದ್ಧತಿಯಲ್ಲಿ ವೆಚ್ಚ ಇಳಿಸಿದವನಿಗೇ ನಷ್ಟ. ಅದನ್ನು ಲೆಕ್ಕಿಸದೆ ಅವರು ವೆಚ್ಚ ಇಳಿಸಿದರು, ಆದರೆ ಎಲ್ಲರಿಂದಲೂ ಅಂಥ ತ್ಯಾಗವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಬದಲಾಗಬೇಕಾದದ್ದು ಶುಲ್ಕದ ಪದ್ಧತಿ.

1985ರಲ್ಲಿ ಅಚ್ಯುತ ಮೆನನ್, ಕೆ.ಎನ್. ರಾಜ್ ಮೊದಲಾದವರೊಂದಿಗೆ ಬೇಕರ್ ಸೇರಿ ಕಟ್ಟಿದ ಕಾಸ್ಟ್‌ಫೋರ್ಡ್ ಸಂಸ್ಥೆ ಇಂದಿಗೂ ಈ ವಿಧಾನಗಳಲ್ಲಿ ಕಟ್ಟಡ ಕಟ್ಟುತ್ತಿದೆ. ಅದೇ ದಶಕದಲ್ಲಿ ಕೊಲ್ಲಂ ಜಿಲ್ಲೆಯಲ್ಲಿ, ಕಡಿಮೆ ವೆಚ್ಚದ ಕಟ್ಟಡ ವಿಧಾನಗಳನ್ನು ಜನರಿಗೆ ತಲುಪಿಸಲು, ಅಲ್ಲಿನ ಕುಶಲಕರ್ಮಿಗಳಿಗೆ ಕಲಿಸಲು ಆರಂಭವಾದದ್ದೇ ನಿರ್ಮಿತಿ ಕೇಂದ್ರ. ಅದರ ಮಾದರಿ ದೇಶದ ಉದ್ದಗಲಕ್ಕೆ ಹಬ್ಬಿ ನಮ್ಮ ರಾಜ್ಯದ ಜಿಲ್ಲೆಗಳಿಗೂ ಬಂತು. ಇಂದು ನಮ್ಮಲ್ಲಿ ನಿರ್ಮಿತಿ ಕೇಂದ್ರವೆಂದರೆ ಸರ್ಕಾರಿ ಕಟ್ಟಡಗಳನ್ನು ಕಟ್ಟಿಕೊಡುವ ಸಂಸ್ಥೆ ಎಂದಷ್ಟೇ ಜನರಿಗೆ ಗೊತ್ತು. ಅದರ ಹುಟ್ಟಿನ ಹಿಂದಿದ್ದ ಉದ್ದೇಶ ಮರೆತುಹೋಗಿದೆ ಎಂದು ನೋವಿನಿಂದಲೇ ಬರೆಯಬೇಕಾಗಿದೆ.

ಆದ್ದರಿಂದ ಸರ್ಕಾರ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಸಾರ್ವಜನಿಕ ಕಟ್ಟಡಗಳಿಗೆ ಪ್ರತ್ಯೇಕ ವಿನ್ಯಾಸದ ನಿಯಮಗಳನ್ನು ರೂಪಿಸಬೇಕು. ಇಳಿಜಾರಿನ ಹಂಚಿನ ಮಾಡು, ಮುರಕಲ್ಲಿನ ಗೋಡೆ, ಅಗಲವಾದ ಸೂರು ಮತ್ತು ಜಗಲಿಯನ್ನು ಅಂದಾಜು ಪಟ್ಟಿಯಲ್ಲೇ ಸೇರಿಸಿದರೆ, ನಾಲ್ಕಾರು ವರ್ಷದ ಬಳಿಕ ತಗಡಿನ ಮಾಡಿಗೆಂದು ಮತ್ತೆ ಅನುದಾನ ಕೇಳುವ ಪ್ರಮೇಯ ಬರುವುದಿಲ್ಲ. ಮೂರೂ ಜಿಲ್ಲೆಗಳ ನಿರ್ಮಿತಿ ಕೇಂದ್ರಗಳು ಮೇಸ್ತ್ರಿಗಳ ತರಬೇತಿಯನ್ನು ಮತ್ತೆ ಕೈಗೆತ್ತಿಕೊಳ್ಳಲಿ. ಅವುಗಳ ಎಂಜಿನಿಯರುಗಳನ್ನು ಒಮ್ಮೆ ಜೂನ್ ತಿಂಗಳಲ್ಲಿ ತಿರುವನಂತಪುರಕ್ಕೆ ಕಳುಹಿಸಿ, ಬೇಕರ್ ಅವರ ಕಟ್ಟಡಗಳು ಮಳೆಯಲ್ಲಿ ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಕಣ್ಣಾರೆ ನೋಡಿ ಬರುವ ವ್ಯವಸ್ಥೆ ಆಗಲಿ. ಹಾಗೆಯೇ, ಯಾವುದೇ ಸಮುದಾಯ ಭವನದ ಟೆಂಡರ್ ಕರೆಯುವ ಮೊದಲು ಅದರ ನಕ್ಷೆಯನ್ನು ಗ್ರಾಮಸಭೆಯ ಮುಂದಿಟ್ಟು, ಆ ಊರಿನ ಮಳೆ ಯಾವ ದಿಕ್ಕಿನಿಂದ ಹೊಡೆಯುತ್ತದೆ ಎಂದು ಊರವರನ್ನು ಕೇಳುವುದು ಕಡ್ಡಾಯವಾಗಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಿವಿಲ್ ಎಂಜಿನಿಯರ್, ಕುಂದಾಪುರ